ಅಂಗನವಾಡಿ ಟೀಚರಮ್ಮ ಮತ್ತು ನಾವು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಡೇರಿ ಸಂಘದ ಹಬ್ಬದಲ್ಲಿ ಅಂಗನವಾಡಿ ಮಾತು ಯಾಕೆ ಅಂತ ನೀವು ಕೇಳಬಹುದು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಹಾಲು ಒಕ್ಕೂಟಗಳ ಹಾಲಿನ ಪುಡಿ ಅಂಗನವಾಡಿಗೂ ಬರುತ್ತಿದೆ. ನಾವು ಕರೆದು ಹಾಕಿದ ಹಾಲಿಗೂ ಅಲ್ಲಿನ ಮಕ್ಕಳ ಲೋಟಕ್ಕೂ ಹೀಗೆ ನಂಟುಂಟು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂದಿನಿಂದ ಕಾರ್ಯಕರ್ತೆಯ ಕೆಲಸ ಬೆಳೆಯುತ್ತಲೇ ಇದೆ. ಮಕ್ಕಳಿಗೆ ಊಟ, ಪಾಠ, ತೂಕ, ಲಸಿಕೆಯ ದಿನ ತಾಯಂದಿರನ್ನು ಕರೆತರುವುದು, ಬಸುರಿ ಬಾಣಂತಿಯರ ಮನೆ ಭೇಟಿ, ರಿಜಿಸ್ಟರು. 2021ರಿಂದ ಪೋಷಣ್ ಟ್ರ್ಯಾಕರ್ ಅಂತ ಮೊಬೈಲಿನಲ್ಲೂ ತುಂಬಬೇಕು. ಕೈಗೆ ಬರುವುದು ಸಂಬಳವಲ್ಲ, ಗೌರವಧನ. ಇವರಿಗೂ ಗ್ರಾಚ್ಯುಟಿ ಹಕ್ಕುಂಟು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಏಪ್ರಿಲ್‌ನಲ್ಲಿ.

ಒಬ್ಬ ಮೇಲ್ವಿಚಾರಕಿಗೆ ಸುಮಾರು 25 ಕೇಂದ್ರ. ಆಕೆ ಬರುವುದೇ ಅಪರೂಪ. ಬಂದ ದಿನ ರಿಜಿಸ್ಟರು ನೋಡಿ, ಗದರಿಸಿ ಹೋದರೆ ಏನಾಗುತ್ತದೆ? ಡೇರಿ ಲೆಕ್ಕದಲ್ಲೇ ನೋಡೋಣ. ಫ್ಯಾಟು ಕಡಿಮೆ ಬಂತೆಂದು ಟೆಸ್ಟರನ್ನು ಬೈದರೆ ಹಾಲು ಗಟ್ಟಿಯಾಗುತ್ತದೆಯೇ? ನಾಳೆ ಅವನು ಹೆದರಿ ಹೆಚ್ಚು ಬರೆಯುತ್ತಾನೆ, ಅಷ್ಟೆ. ಹಾಗೆಯೇ ಮಗುವಿನ ತೂಕ ಇಳಿದದ್ದಕ್ಕೆ ಕಾರ್ಯಕರ್ತೆಯನ್ನೇ ಗದರಿಸಿದರೆ ಮುಂದಿನ ತಿಂಗಳು ಪುಸ್ತಕದಲ್ಲಿ ತೂಕ ಏರುತ್ತದೆ, ಮಗು ಸೊರಗುತ್ತಲೇ ಇರುತ್ತದೆ. ಆಸ್ಪತ್ರೆಗೆ ಕಳಿಸುವ ಹೊತ್ತು ಮೀರಿ ಹೋಗುತ್ತದೆ. ನಷ್ಟ ಇಲಾಖೆಗಲ್ಲ, ನಮ್ಮ ಮನೆಗೆ.

ಆದ್ದರಿಂದ ಮೇಲಿನವರಿಗೆ ನಮ್ಮ ವಿನಂತಿ: ಮೊದಲು "ಏನು ತೊಂದರೆಯಮ್ಮಾ?" ಅಂತ ಕೇಳಿ. ತಕ್ಕಡಿ ಸರಿಯಿದೆಯೇ ನೋಡಿ, ಎರಡು ಮಕ್ಕಳನ್ನು ಜೊತೆಯಲ್ಲೇ ನಿಂತು ತೂಗಿ. ತೂಕ ಇಳಿದದ್ದನ್ನು ನಿಜವಾಗಿ ಬರೆದವಳನ್ನು ಮೆಚ್ಚಿ, ಆ ಮಗುವಿನ ಮನೆಗೆ ಅವಳೊಂದಿಗೆ ಹೋಗಿ. ತಪ್ಪು ಕಂಡರೆ ಹೇಳಲೇಬೇಕು. ಆದರೆ ತಾಯಂದಿರ ಎದುರಿಗೆ ಬೇಡ.

ಊರಿನವರದ್ದೂ ಪಾಲಿದೆ. ಬಾಲವಿಕಾಸ ಸಮಿತಿ ಸಭೆಗೆ ಹೋಗೋಣ. ನಲ್ಲಿ ಕೆಟ್ಟಿದ್ದರೆ, ಸೂರು ಸೋರಿದರೆ ಪಂಚಾಯ್ತಿಗೆ ನಾವೇ ಬರೆದುಕೊಡೋಣ. ಮನೆಗೆ ಬಂದ ಟೀಚರಮ್ಮನಿಗೆ "ಬನ್ನಿ, ಕೂತ್ಕೊಳ್ಳಿ" ಅನ್ನೋಣ. ಇದಕ್ಕೆ ಖರ್ಚಿಲ್ಲ.

ಸಹಕಾರ ಅಂದರೆ ಒಬ್ಬರ ಹೊರೆಗೆ ಹತ್ತು ಕೈ ಸೇರುವುದು. ಆ ಕೈ ಅಂಗನವಾಡಿ ಬಾಗಿಲಿಗೂ ಚಾಚಲಿ.