ಆಕಾಶದಾಗಿನ ಟ್ರ್ಯಾಕ್ಟರ್: ಸ್ವಂತ ವಿಮಾನದ ಖರ್ಚು, ನಮ್ಮೂರಿನ ಲೆಕ್ಕ

(ಈ ವಾರದ ಆಡಿಯೊ ಸಂಚಿಕೆಯ ಬರಹ ರೂಪ)

 ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯಿಂದ ಬಸ್ಸಿನ್ಯಾಗ ಕುಂತು ಕೇಳೋರಿಗೆ, ಹೊಲದ ಬದುವಿನ ಮ್ಯಾಲೆ ಇಯರ್‌ಫೋನ್ ಹಾಕ್ಕೊಂಡು ಕೇಳೋರಿಗೆ, ಎಲ್ಲಾರಿಗೂ ಸ್ವಾಗತ.

ಇವತ್ತಿನ ವಿಷಯ ಕೇಳಿದ್ರ ನಗಬ್ಯಾಡ್ರಿ. ಸ್ವಂತಕ್ಕೊಂದು ಸಣ್ಣ ವಿಮಾನ ಇಟ್ಕೊಳ್ಳಾಕ ಎಷ್ಟು ಖರ್ಚು ಬರ್ತೈತಿ? ಆ ಖರ್ಚು ವರ್ಷದಿಂದ ವರ್ಷಕ್ಕ ಯಾಕ ಏರ್ತೈತಿ? "ಏ ತಮ್ಮಾ, ನಮಗ ಟ್ರ್ಯಾಕ್ಟರ್ ಕಂತು ಕಟ್ಟೋದ ಆಗವಲ್ದು, ವಿಮಾನದ ಮಾತು ಯಾಕ?" ಅಂತ ನೀವು ಕೇಳ್ತೀರಿ. ಸ್ವಲ್ಪ ತಡೀರಿ. ವಿಮಾನದ ಲೆಕ್ಕದಿಂದ ಸುರು ಮಾಡಿ ನಿಮ್ಮೂರಿನ ಹೊಲಕ್ಕ ಬಂದು ಇಳೀತೀನಿ.

ಮೊದಲು ತೆರಿಗೆ. 2025ರ ಸೆಪ್ಟೆಂಬರ್ 3ಕ್ಕ ಜಿಎಸ್‌ಟಿ ಮಂಡಳಿ ಸಭೆ ಆತು, ಹೊಸ ದರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ್ವು. ಟಿವಿಯವರು ಸೋಪು, ಬಿಸ್ಕೀಟು, ಕಾರು ಅಂತ ತೋರಿಸಿದ್ರು. ಆದ್ರ ಅದೇ ಪಟ್ಟಿಯಾಗ ಇನ್ನೂ ಮೂರು ಸಾಲು ಇದ್ವು. ಸ್ವಂತ ಬಳಕೆಯ ವಿಮಾನದ ಮೇಲಿನ ತೆರಿಗೆ ಶೇ. 40 ಆತು. ಮೊದಲು 28 ಮತ್ತು ಮೇಲೆ 3 ಸೆಸ್, ಒಟ್ಟು 31 ಇತ್ತು. ಟ್ರ್ಯಾಕ್ಟರ್ ತೆರಿಗೆ 12ರಿಂದ 5ಕ್ಕ ಇಳೀತು. ಡ್ರೋನ್ ತೆರಿಗೆನೂ 5ಕ್ಕ ಬಂತು. ಮೂರೂ ಯಂತ್ರಗಳೇ, ಮೂರಕ್ಕೂ ಎಂಜಿನ್ನೋ ಮೋಟಾರೋ ಐತಿ. ಆದ್ರ ಒಂದನ್ನ ಸರ್ಕಾರ ಶೋಕಿ ಅಂತು, ಎರಡನ್ನ ದುಡಿಮೆ ಅಂತು.

ಈಗ ವಿಮಾನದ ದರ ನೋಡೋಣ. ಸಣ್ಣ ವಿಮಾನ ಅಂದ್ರ ಜಗತ್ತಿನ್ಯಾಗ ಮೊದಲು ನೆನಪಾಗೋ ಹೆಸರು ಸೆಸ್ನಾ 172. ನಾಲ್ಕು ಸೀಟು, ಒಂದು ಎಂಜಿನ್, ಮುಂದೊಂದು ಫ್ಯಾನು. ಪೈಲಟ್ ತರಬೇತಿ ಶಾಲೆಗಳಲ್ಲಿ ಇದೇ ಹೆಚ್ಚು ಕಾಣ್ತದ. 1956ರಾಗ ಮಾರುಕಟ್ಟೆಗೆ ಬಂದಾಗ ಇದರ ಬೆಲೆ ಸುಮಾರು 9 ಸಾವಿರ ಡಾಲರ್. ಇವತ್ತು ಹೊಸಾದು ಬೇಕಂದ್ರ 4 ಲಕ್ಷ ಡಾಲರ್ ದಾಟ್ತೈತಿ. ಅಂದ್ರ 44 ಪಟ್ಟು. ಈ ಅವಧಿಯಲ್ಲಿ ಅಮೆರಿಕದ ಸಾಮಾನ್ಯ ಬೆಲೆ ಏರಿಕೆ ಸುಮಾರು 11-12 ಪಟ್ಟು ಅಷ್ಟೇ. ವಿಮಾನ ಅದಕ್ಕಿಂತ ನಾಲ್ಕು ಪಟ್ಟು ಜೋರಾಗಿ ಏರೈತಿ.

ನಮಗ ಇನ್ನೊಂದು ಹೊಡೆತ ಐತಿ. 1956ರಾಗ ಒಂದು ಡಾಲರ್‌ಗೆ 4 ರೂಪಾಯಿ 76 ಪೈಸೆ. ಆಗಿನ ಲೆಕ್ಕದಾಗ ಆ ವಿಮಾನ ಸುಮಾರು 43 ಸಾವಿರ ರೂಪಾಯಿ. ಈಗ ಡಾಲರ್‌ಗೆ 88 ರೂಪಾಯಿ ಅಂತ ಹಿಡಿದ್ರ 4 ಲಕ್ಷ ಡಾಲರ್ ಅಂದ್ರ 3 ಕೋಟಿ 52 ಲಕ್ಷ. ಡಾಲರ್‌ನಾಗ 44 ಪಟ್ಟು ಏರಿದ್ದು ರೂಪಾಯಿಯಾಗ 800 ಪಟ್ಟು ದಾಟ್ತು. ಅದರ ಮೇಲೆ ಶೇ. 40 ತೆರಿಗೆ ಹಾಕ್ರಿ, ಇನ್ನೊಂದು 1 ಕೋಟಿ 40 ಲಕ್ಷ. ಅಲ್ಲಿಗೆ ಐದು ಕೋಟಿ ಹತ್ರ ಬಂತು. ಮೊನ್ನೆ 31ರಿಂದ 40ಕ್ಕ ಏರಿತಲ್ಲ, ಆ ಒಂಬತ್ತರ ವ್ಯತ್ಯಾಸನೇ 31 ಲಕ್ಷ ರೂಪಾಯಿ ಮೇಲೆ.

ವಿಮಾನ ಇಷ್ಟು ತುಟ್ಟಿ ಯಾಕಾತು? ಮುಖ್ಯ ಕಾರಣ, ಮಾಡೋ ಸಂಖ್ಯೆ ಕಡಿಮೆ ಆತು. ಅಮೆರಿಕದಾಗ 1978ರಲ್ಲಿ ಇಂಥ ಖಾಸಗಿ ಬಳಕೆಯ ವಿಮಾನ 17,811 ತಯಾರಾಗಿದ್ವು. 1994ರಲ್ಲಿ ಬರೀ 928. ವಿಮಾನ ಬಿದ್ರ ತಯಾರಕರ ಮೇಲೆ ಕೋರ್ಟ್ ಕೇಸು, ಆ ಕೇಸಿಗೆ ಹೆದರಿ ದೊಡ್ಡ ವಿಮೆ, ಆ ವಿಮೆ ದುಡ್ಡು ವಿಮಾನದ ಬೆಲೆಗೆ ಸೇರ್ಕೊಂತ ಹೋತು. ಸೆಸ್ನಾ ಕಂಪನಿ 1986ರಾಗ ಇಂಥ ವಿಮಾನ ಮಾಡೋದನ್ನೇ ನಿಲ್ಲಿಸಿತ್ತು. 1994ರಲ್ಲಿ ಅಮೆರಿಕ ಕಾನೂನು ಬದಲಿಸಿ, 18 ವರ್ಷಕ್ಕಿಂತ ಹಳೇ ಸಣ್ಣ ವಿಮಾನದ ಬಗ್ಗೆ ತಯಾರಕರ ಮೇಲೆ ಕೇಸ್ ಹಾಕೋದಕ್ಕೆ ಮಿತಿ ಇಟ್ಟ ಮೇಲೆ 1996ರಾಗ ಮತ್ತ ಸುರು ಮಾಡಿದ್ರು. ಆದ್ರ ಹಳೇ ಸಂಖ್ಯೆ ತಿರುಗಿ ಬರಲಿಲ್ಲ.

ಬಿಕಾಂ ಓದಿದವರಿಗೆ ಇದು ಗೊತ್ತಿರೋ ಪಾಠ. ಕಾರ್ಖಾನೆ ಬಾಡಿಗೆ, ಎಂಜಿನಿಯರ್ ಪಗಾರ, ಪರವಾನಗಿ ಖರ್ಚು, ಇವು ಹತ್ತು ಸಾವಿರ ವಿಮಾನ ಮಾಡಿದ್ರೂ ಬರ್ತಾವ, ನೂರು ಮಾಡಿದ್ರೂ ಬರ್ತಾವ. ಸಂಖ್ಯೆ ಇಳಿದಂಗ ಒಂದೊಂದರ ತಲಿ ಮೇಲೆ ಹೊರೆ ಏರ್ತೈತಿ. ದರ ಏರಿತು ಅಂತ ಗಿರಾಕಿ ಕಡಿಮೆ, ಗಿರಾಕಿ ಕಡಿಮೆ ಅಂತ ದರ ಮತ್ತ ಏರಿಕೆ.

ಸರಿ, ಯಾರೋ ಐದು ಕೋಟಿ ಕೊಟ್ಟು ತಂದ್ರು ಅನ್ಕೊಳ್ರಿ. ಆನಿ ತರೋದು ದೊಡ್ಡದಲ್ಲ, ಮೇವು ಹಾಕೋದು ದೊಡ್ಡದು. ಮೇವಿನ ಪಟ್ಟಿ ಹೀಂಗೈತಿ. ಒಂದು, ಇಂಧನ. ಇಂಥ ಎಂಜಿನ್‌ಗೆ ಬೇಕಾಗೋದು ಬಂಕಿನ ಪೆಟ್ರೋಲ್ ಅಲ್ಲ, ಏವ್‌ಗ್ಯಾಸ್ ಅನ್ನೋ ಬೇರೆ ಪೆಟ್ರೋಲ್. ತಾಸಿಗೆ ಸುಮಾರು 30-35 ಲೀಟರ್ ಕುಡೀತೈತಿ. ನಮ್ಮ ದೇಶ ಇದನ್ನ ವರ್ಷಾನುಗಟ್ಟಲೆ ಹೊರಗಿಂದ ತರಿಸ್ತಿತ್ತು. 2022ರ ಸೆಪ್ಟೆಂಬರ್‌ನಾಗ ಇಂಡಿಯನ್ ಆಯಿಲ್ ವಡೋದರದ ಗುಜರಾತ್ ರಿಫೈನರಿಯಲ್ಲಿ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು.

ಎರಡು, ನಿಲ್ಲಿಸೋ ಜಾಗ. ವಿಮಾನನ್ನ ಕೊಟ್ಟಿಗ್ಯಾಗ ಕಟ್ಟಾಕ ಆಗಂಗಿಲ್ಲ, ಹ್ಯಾಂಗರ್ ಬಾಡಿಗೆ ಕೊಡಬೇಕು. ಮೂರು, ವಿಮೆ. ನಾಲ್ಕು, ಹಾರಾಟಕ್ಕ ಯೋಗ್ಯ ಐತಿ ಅನ್ನೋ ವರ್ಷದ ತಪಾಸಣೆ, ಲೈಸೆನ್ಸ್ ಇದ್ದ ಎಂಜಿನಿಯರ್ ಸಹಿ.

ಐದನೇದು ಬಹಳ ಮಜಾ ಐತಿ, ಎಂಜಿನ್. ಇಂಥ ಎಂಜಿನ್‌ಗೆ ತಯಾರಕರ ಶಿಫಾರಸು ಏನಂದ್ರ, 2000 ತಾಸು ಹಾರಿದ ಮೇಲೆ, ಇಲ್ಲಾಂದ್ರ 12 ವರ್ಷ ಆದ ಮೇಲೆ, ಯಾವುದು ಮೊದಲೋ ಆವಾಗ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸ್ಬೇಕು. ಆ ಕೆಲಸಕ್ಕ 40 ಲಕ್ಷ ಅಂತ ಬರೀ ಲೆಕ್ಕಕ್ಕ ಹಿಡೀರಿ. ತರಬೇತಿ ಶಾಲೆ 2000 ತಾಸು ಪೂರ್ತಿ ಹಾರಿಸ್ತೈತಿ, ತಾಸಿಗೆ 2000 ರೂಪಾಯಿ ಬಿತ್ತು. ಶೋಕಿಗೆ ಇಟ್ಕೊಂಡವರು ವರ್ಷಕ್ಕ 50 ತಾಸು ಹಾರಿಸ್ತಾರ, 12 ವರ್ಷಕ್ಕ 600 ತಾಸು. ಅವರಿಗೆ ಅದೇ ಎಂಜಿನ್ ಕೆಲಸ ತಾಸಿಗೆ 6,600 ರೂಪಾಯಿ ಮೇಲೆ ಬಿತ್ತು. ಕಡಿಮೆ ಓಡಿಸಿದ್ರ ಖರ್ಚು ಉಳೀತೈತಿ ಅಂತ ನಾವು ತಿಳ್ಕೊಂಡಿರ್ತೀವಿ. ಯಂತ್ರದ ಲೆಕ್ಕದಾಗ ಇದು ಉಲ್ಟಾ. ನಿಂತ ಯಂತ್ರಾನೇ ಎಲ್ಲಕ್ಕಿಂತ ತುಟ್ಟಿ ಯಂತ್ರ.

ಇದಕ್ಕ ನಮ್ಮ ಜಿಲ್ಲೆಯಾಗೇ ಉದಾಹರಣೆ ಐತಿ. ವಿಜಯ ಸಂಕೇಶ್ವರ ಅವರು 1976ರಾಗ ಗದಗದಿಂದ ಒಂದೇ ಲಾರಿ ಇಟ್ಕೊಂಡು ಸುರು ಮಾಡಿದ ವಿಆರ್‌ಎಲ್ ಕಂಪನಿ ಇವತ್ತು ಹುಬ್ಬಳ್ಳಿ ಹತ್ರ ವರೂರಿನ್ಯಾಗ ಐತಿ. ಲಾರಿ, ಬಸ್ಸು ಮಾಡಿದ ಕಂಪನಿ ಸಣ್ಣ ಜೆಟ್ ವಿಮಾನಾನೂ ತಂದು ಬಾಡಿಗೆಗೆ ಬಿಟ್ಟಿತ್ತು. 2015ರಾಗ ಷೇರು ಮಾರುಕಟ್ಟೆಗೆ ಬಂದಾಗ ವಿಮಾನ ಬಾಡಿಗೆ ಕೂಡ ಅದರ ವ್ಯವಹಾರದ ಪಟ್ಟಿಯಲ್ಲಿತ್ತು. ಇಲ್ಲಿ ಗಮನಿಸೋ ಮಾತು "ಬಾಡಿಗೆ". ಮಾಲೀಕರು ಹಾರದ ದಿನ ಬ್ಯಾರೆಯವರು ಹಾರಿ ದುಡ್ಡು ಕೊಡ್ಲಿ ಅನ್ನೋ ಪದ್ಧತಿ ಅದು. ಮುಂದ ಕಂಪನಿ ಸರಕು ಸಾಗಣೆ ಮೇಲೇ ಗಮನ ಇಡ್ತೀವಿ ಅಂತ ಬಸ್ಸು, ಗಾಳಿ ವಿದ್ಯುತ್, ವಿಮಾನ ಈ ವ್ಯವಹಾರಗಳಿಂದ ಹೊರಗ ಬಂತು. ಸಾವಿರಾರು ಲಾರಿ ಓಡಿಸೋರೂ ಯಾವ ಯಂತ್ರ ಇರಬೇಕು, ಯಾವುದು ಹೋಗಬೇಕು ಅಂತ ಕುಂತು ಲೆಕ್ಕ ಹಾಕ್ತಾರ.

ಇನ್ನೊಬ್ಬರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಹೆಲಿಕಾಪ್ಟರ್ ಬಾಡಿಗೆಯಿಂದ ಸುರು ಮಾಡಿ 2003ರ ಆಗಸ್ಟ್‌ನಾಗ ಏರ್ ಡೆಕ್ಕನ್ ತಂದ್ರು. ಅದರ ಮೊದಲ ಮಾರ್ಗ ಯಾವುದು ಗೊತ್ತೇನ್ರಿ? ಬೆಂಗಳೂರು-ಹುಬ್ಬಳ್ಳಿ. ತಮಿಳಿನ 'ಸೂರರೈ ಪೋಟ್ರು' ಸಿನಿಮಾ ನೋಡಿದವರಿಗೆ ಈ ಕಥಿ ಸ್ವಲ್ಪ ಪರಿಚಯ ಇರ್ತೈತಿ. ವಿಮಾನ ಕೊಳ್ಳೋದು ನಮ್ಮಂಥವರ ಕೈಯಾಗ ಆಗದ ಮಾತು. ಆದ್ರ ಆ ವಿಮಾನದಾಗ ಎರಡು ತಾಸಿಗೆ ಒಂದು ಸೀಟು ಕೊಳ್ಳಬಹುದು. ವಿಮಾನ ಅಗ್ಗ ಆಗಲಿಲ್ಲ, ಅದರ ಖರ್ಚನ್ನ ಹಂಚ್ಕೊಳ್ಳೋ ಜನ ಹೆಚ್ಚಾದ್ರು.

ಈಗ ನಮ್ಮೂರಿಗೆ ಇಳಿಯೋಣ. ಯಾಕಂದ್ರ ಸಣ್ಣ ವಿಮಾನ ನಮ್ಮ ಹೊಲಕ್ಕ ಬಂದೇ ಬಿಟ್ಟೈತಿ, ಅದರ ಹೆಸರು ಡ್ರೋನ್. ಹತ್ತು ಲೀಟರ್ ಡಬ್ಬಿ ಹೊತ್ಕೊಂಡು ಹೆಸರಿಗೆ, ಹತ್ತಿಗೆ, ಮೆಣಸಿನಗಿಡಕ್ಕ ಎಣ್ಣಿ ಹೊಡೀತೈತಿ. ನಮ್ಮ ಎರಿ ಹೊಲದಾಗ ಇದರ ಉಪಯೋಗ ಖರೇನ ಐತಿ. ಮಳಿ ಬಿದ್ದ ಮೇಲೆ ಕಾಲು ಇಟ್ರ ಮೊಣಕಾಲ ತನಕ ಹೂತು ಹೋಗೋ ಮಣ್ಣು. ಹುಳ ಬಿದ್ದೈತಿ, ಒಳಗ ಹೋಗಾಕ ಆಗವಲ್ದು. ಅಂಥ ಹೊತ್ತಿನ್ಯಾಗ ಮೇಲಿಂದ ಹೊಡೆಯೋ ಯಂತ್ರ ದೇವರು ಕಂಡಂಗ.

ಕೇಂದ್ರ ಸರ್ಕಾರ 2023ರ ನವೆಂಬರ್‌ನಾಗ ನಮೋ ಡ್ರೋನ್ ದೀದಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. 1,261 ಕೋಟಿ ರೂಪಾಯಿ, 15,000 ಮಹಿಳಾ ಸ್ವಸಹಾಯ ಸಂಘಗಳ ಗುರಿ. ಡ್ರೋನ್ ಮತ್ತು ಸಾಮಾನಿನ ಬೆಲೆಯಲ್ಲಿ ಶೇ. 80ರಷ್ಟು, ಗರಿಷ್ಠ 8 ಲಕ್ಷ, ಸಹಾಯಧನ. ಜೊತೆಗೆ 15 ದಿನದ ತರಬೇತಿ. ಹತ್ತು ಲಕ್ಷದ ಸೆಟ್‌ಗೆ ಸಂಘ ಎರಡು ಲಕ್ಷ ಹೊಂದಿಸಿದ್ರ ಸಾಕು.

ಇದನ್ನ ನೋಡಿ ನಮ್ಮ ಹುಡುಗರು ಏನಂತಾರ? "ಅಕ್ಕಾರು ಮಾಡ್ಲಿಕ್ಕತ್ತಾರ, ನಾನೂ ಸಾಲ ಮಾಡಿ ಒಂದು ತರ್ತೀನಿ." ಅಲ್ಲೇ ಸ್ವಲ್ಪ ನಿಲ್ರಿ ತಮ್ಮಾ. ಅಕ್ಕಾರ ಬಂಡವಾಳ ಎರಡು ಲಕ್ಷ. ಸಹಾಯಧನ ಇಲ್ಲದ ನಿಮ್ಮ ಬಂಡವಾಳ ಹತ್ತು ಲಕ್ಷ. ಒಂದೇ ಊರು, ಒಂದೇ ಹೊಲ, ಎಕರೆಗೆ ಒಂದೇ ದರ. ಅವರು ದರ ಇಳಿಸಿದ್ರೂ ನಡೀತೈತಿ, ನೀವು ಇಳಿಸಿದ್ರ ಕಂತು ನಿಲ್ತೈತಿ.

ಒಂದು ಲೆಕ್ಕ ಹಾಕೋಣ. ಅಂಕಿ ನಂದು, ನಿಮ್ಮೂರಿನ ಅಂಕಿ ಹಾಕಿ ತಿದ್ದಿಕೊಳ್ರಿ. ಕಂತು, ವಿಮೆ, ಬ್ಯಾಟರಿ ಬದಲಿಸೋದು ಸೇರಿ ವರ್ಷಕ್ಕ ಎರಡೂವರೆ ಲಕ್ಷ ಸ್ಥಿರ ಖರ್ಚು. ಡ್ರೋನ್ ಹಾರಿದ್ರೂ ಅಷ್ಟೇ, ಮೂಲ್ಯಾಗ ಕುಂತ್ರೂ ಅಷ್ಟೇ. ಎಕರೆಗೆ 400 ರೂಪಾಯಿ ತಗೊಂಡ್ರಿ. ಅದರಾಗ ಸಹಾಯಕ್ಕ ಬಂದ ಹುಡುಗನ ಪಗಾರ, ಜನರೇಟರ್ ಪೆಟ್ರೋಲು, ಗಾಡಿ ಖರ್ಚು 120. ಕೈಯಾಗ ಉಳಿಯೋದು 280. ಎರಡೂವರೆ ಲಕ್ಷಕ್ಕ 280ರಿಂದ ಭಾಗ ಹಾಕ್ರಿ. ಸುಮಾರು 893 ಎಕರೆ. ಅಲ್ಲಿ ತನಕ ನಿಮಗ ಒಂದು ರೂಪಾಯಿ ಲಾಭ ಇಲ್ಲ, ನೀವು ದುಡಿಯೋದು ಫೈನಾನ್ಸ್‌ನವರಿಗೆ.

ದಿನಕ್ಕ 25 ಎಕರೆ ಅಂದ್ರ 36 ದಿನ ಬೇಕು. 36 ದಿನ ಏನು ದೊಡ್ಡದು ಅನ್ನಿಸ್ತೈತಿ. ಆದ್ರ ಎಣ್ಣಿ ಹೊಡಿಯೋ ದಿನ ವರ್ಷಪೂರ್ತಿ ಬರಂಗಿಲ್ಲ. ಹುಳ ಎಲ್ಲಾರ ಹೊಲಕ್ಕೂ ಒಂದೇ ವಾರ ಬೀಳ್ತೈತಿ, ಎಲ್ಲಾರೂ ಅದೇ ವಾರ ಫೋನ್ ಮಾಡ್ತಾರ. ಗಾಳಿ ಜೋರಿದ್ದ ದಿನ, ಮಳಿ ಬಂದ ದಿನ ಹಾರಿಸೋ ಹಂಗಿಲ್ಲ. ಮುಂದಿನ ಓಣಿಯಾಗ ಇನ್ನೊಬ್ಬ ಡ್ರೋನ್ ತಂದ್ರ ಎಕರೆ ಅರ್ಧ ಆಗ್ತಾವ, ಕಂತು ಮಾತ್ರ ಅರ್ಧ ಆಗಂಗಿಲ್ಲ. ಸೆಸ್ನಾದ ಕಥಿನೂ ಇದೇ ಆಗಿತ್ತಲ್ಲ? ಐದು ಕೋಟಿ ಇರಲಿ, ಹತ್ತು ಲಕ್ಷ ಇರಲಿ, ಹಾರೋ ಯಂತ್ರದ ಲೆಕ್ಕ ಒಂದೇ.

ಹಂಗಾದ್ರ ತಗೊಳ್ಳೋದೇ ಬ್ಯಾಡೇನು? ಹಂಗ ಅನ್ನಾಕತ್ತಿಲ್ಲ. ತಗೊಳ್ಳೋದಕ್ಕಿಂತ ಮೊದಲು ನಾಲ್ಕು ಕೆಲಸ ಮಾಡ್ರಿ. ಒಂದು, ನಿಮ್ಮೂರು ಮತ್ತ ಅಕ್ಕಪಕ್ಕದ ಊರಾಗ ಎಷ್ಟು ಡ್ರೋನ್ ಅದಾವ ಅಂತ ಎಣಿಸ್ರಿ. ಎರಡು, ಕಲಘಟಗಿ ಕಡೆ ಗೋವಿನಜೋಳ ಮತ್ತು ಭತ್ತದ ಹೊತ್ತು ಬ್ಯಾರೆ, ನವಲಗುಂದ ಕಡೆ ಹೆಸರು ಮತ್ತು ಕಡ್ಲಿ ಹೊತ್ತು ಬ್ಯಾರೆ. ಎರಡೂ ಕಡೆ ಹೋಗಿ ದುಡಿಯೋ ಹಂಗಿದ್ರ ಮಾತ್ರ ದಿನ ಹೆಚ್ಚಾಗ್ತಾವ. ಮೂರು, ನೋಂದಣಿ ಮತ್ತು ಪೈಲಟ್ ಪ್ರಮಾಣಪತ್ರ ಇಲ್ಲದೆ ಹಾರಿಸಬ್ಯಾಡ್ರಿ. ಹುಬ್ಬಳ್ಳಿ ವಿಮಾನ ನಿಲ್ದಾಣದ ಹತ್ರದ ಹೊಲ ಇದ್ರ ಸರ್ಕಾರದ ನಕ್ಷೆಯಾಗ ಬಣ್ಣ ನೋಡೇ ಹಾರಿಸ್ರಿ, ಅನುಮತಿ ಬೇಕಾಗೋ ಜಾಗ ಅಲ್ಲಿ ಬರ್ತಾವ. ನಾಲ್ಕು, ಮೂರ್ನಾಲ್ಕು ಮಂದಿ ಸೇರಿ ತಗೊಳ್ರಿ, ಇಲ್ಲಾ ಒಂದು ಹಂಗಾಮು ಇದ್ದವರ ಹತ್ರ ಕೆಲಸಕ್ಕ ಹೋಗ್ರಿ. ಎಕರೆ ಎಷ್ಟು ಸಿಗ್ತಾವ ಅಂತ ಅಲ್ಲೇ ಗೊತ್ತಾಗ್ತೈತಿ.

ಊರಾಗ ಯಂತ್ರ ಅಂದ್ರ ಮರ್ಯಾದಿ ಅನ್ನೋ ಭಾವನಿ ಐತಿ. ಅಂಗಳದಾಗ ಟ್ರ್ಯಾಕ್ಟರ್ ನಿಂತ್ರ ಕನ್ಯಾ ಕೊಡೋರೂ ಒಂದು ಸರ್ತಿ ತಿರುಗಿ ನೋಡ್ತಾರ. ಅದು ತಪ್ಪಲ್ಲ. ಆದ್ರ ಬ್ಯಾಂಕಿನವರು ಅಂಗಳ ನೋಡಂಗಿಲ್ಲ, ಕಂತಿನ ತಾರೀಖು ನೋಡ್ತಾರ. ಯಂತ್ರ ಯಾರ ಹೆಸರಿಗೆ ಐತಿ ಅನ್ನೋದಕ್ಕಿಂತ ವರ್ಷದಾಗ ಎಷ್ಟು ದಿನ ದುಡೀತೈತಿ ಅನ್ನೋದನ್ನ ಮೊದಲು ಕೇಳ್ರಿ.

ನಿಮ್ಮೂರಿನ್ಯಾಗ ಡ್ರೋನ್ ಎಕರೆಗೆ ಎಷ್ಟು ತಗೊಳ್ತಾರ, ಹೋದ ಹಂಗಾಮಿನ್ಯಾಗ ಎಷ್ಟು ದಿನ ಹಾರಿತು, ಒಂದು ವಾಯ್ಸ್ ಮೆಸೇಜ್ ಕಳಿಸ್ರಿ. ಅಂಕಿ ಬಂದ ಮೇಲೆ ನವಲಗುಂದದ ಲೆಕ್ಕ ಬ್ಯಾರೆ, ಕಲಘಟಗಿ ಲೆಕ್ಕ ಬ್ಯಾರೆ ಹಾಕಿ ಇನ್ನೊಂದು ಸಂಚಿಕೆ ಮಾಡೋಣ. ಸಾಲದ ಅರ್ಜಿ ತುಂಬಾಕ ಹೊಂಟ ಗೆಳೆಯ ಯಾರರ ಇದ್ರ ಸಹಿ ಹಾಕೋದಕ್ಕಿಂತ ಮೊದಲು ಅವರಿಗೆ ಇದನ್ನ ಕೇಳಿಸ್ರಿ.