ಸುರಪುರದ ಹೀರೋಗೆ ಸೆಕೆಂಡ್ ಹಾಫ್ ಯಾಕ ಸಿಗಲಿಲ್ಲ?

ಯಾದಗಿರಿ, ಶಹಾಪುರ, ಸುರಪುರದ ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆಲ್ಲ ಈ ಸಲ ನಮ್ಮ ಕಡೀದೇ ಕಥೆ.

ಸೂಪರ್‌ಹೀರೋ ಸಿನಿಮಾದ ಲೆಕ್ಕ ನಿಮಗ ಗೊತ್ತದ. ಇಂಟರ್ವಲ್ ಹೊತ್ತಿಗೆ ಜೀವದ ಗೆಳೆಯರೆಲ್ಲ ಹೋಗಿರ್ತಾರ. ಹೀರೋ ಒಬ್ಬನೇ ಕತ್ತಲಾಗ ಕೂಡ್ತಾನ. ಆಮೇಲೆ ಎದ್ದು ಬರ್ತಾನ. ಸುರಪುರದ ಇತಿಹಾಸದಲ್ಲಿ ಇಂಥ ಇಂಟರ್ವಲ್ ಎರಡು ಸಲ ಬಂದದ.

ಮೊದಲನೇದು 1705. ಮುಪ್ಪಿನ ಔರಂಗಜೇಬ ತಾನೇ ದಂಡು ತಗೊಂಡು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಪಿಡ್ಡ ನಾಯಕರು ತಿಂಗಳುಗಟ್ಟಲೆ ತಡೆದರು. ಕೊನೆಗೆ ಕೋಟೆ ಹೋಯ್ತು, ಆದರೆ ನಾಯಕರು ತಮ್ಮವರ ಜೊತೆ ಪಾರಾದರು. ಮನೆತನ ಮತ್ತೆ ಎದ್ದು ನಿಂತು, ಸುರಪುರದಿಂದ ಆಳಿತು.

ಎರಡನೇದು 1858. ಅದೇ ಮನೆತನದ ರಾಜಾ ವೆಂಕಟಪ್ಪ ನಾಯಕರು, ಇನ್ನೂ ಇಪ್ಪತ್ತರ ಹರೆಯ. ಫೆಬ್ರುವರಿ 8ರಂದು ಬ್ರಿಟಿಷರ ಜೊತೆ ಕಾಳಗ ನಡೀತು. ಶತ್ರುವಿನ ಕ್ಯಾಪ್ಟನ್ ನ್ಯೂಬೆರಿ ಬಿದ್ದ. ಆದರೂ ಮುಂದೆ ಇನ್ನೂ ದೊಡ್ಡ ದಂಡು ಬರೋದಿತ್ತು. ರಾಜರು ಊರು ಬಿಟ್ಟರು, ಜೊತೆಗಿದ್ದವರು ಚೆದುರಿದರು. ಹೈದರಾಬಾದಿನಲ್ಲಿ ಅವರು ಸೆರೆಯಾದರು.

ಸೆರೆಮನೆಗೆ ನೋಡಲು ಬಂದದ್ದು ಯಾರು? ಮೆಡೋಸ್ ಟೇಲರ್. ರಾಜರು ಚಿಕ್ಕವರಿದ್ದಾಗ ಸಂಸ್ಥಾನ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ. ರಾಜರು ಆತನನ್ನ ಕರೀತಿದ್ದದ್ದು 'ಅಪ್ಪಾ' ಅಂತ! ಬಾಲ್ಯದ ಆಸರೆ ಈಗ ಎದುರು ಪಾಳಯದಾಗ. ಇಷ್ಟಾದರೂ ದಂಗೆಯ ಜೊತೆಗಾರರ ಹೆಸರು ಮಾತ್ರ ರಾಜರ ಬಾಯಿಂದ ಬರಲಿಲ್ಲ. ಒಂಟಿಯಾದ ಮೇಲೂ ಅವರು ಕೈಬಿಡದ ಒಂದೇ ಒಂದು ನಂಟು ಅದು.

ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಸೆರೆಯಾಯಿತು. ನಡತೆ ನೋಡಿ ಸಂಸ್ಥಾನ ಮರಳಿ ಕೊಡೋ ಮಾತೂ ಇತ್ತು. ಅಂದ್ರ ಸೆಕೆಂಡ್ ಹಾಫ್ ಬರೀ ನಾಲ್ಕು ವರ್ಷ ದೂರ! ಮದ್ರಾಸ್ ಕಡೆಯ ಚೆಂಗಲ್ಪಟ್ಟಿಗೆ ಒಯ್ಯುವಾಗ ದಾರಿಯಲ್ಲೇ ಗುಂಡೇಟಿಗೆ ತೀರಿಕೊಂಡರು. ತಾವೇ ಹಾರಿಸಿಕೊಂಡರು ಅಂತ ಬ್ರಿಟಿಷರು ಬರೆದರು. ಇಲ್ಲ, ಕೊಂದರು ಅಂತ ನಮ್ಮ ಜನ ಹೇಳ್ತಾರ.

ಧೈರ್ಯ ಇಬ್ಬರಿಗೂ ಇತ್ತು. ವ್ಯತ್ಯಾಸ ಇಷ್ಟೇ: 1705ರಲ್ಲಿ ನಾಯಕರ ಸುತ್ತ ಜನ ಇದ್ದರು, 1858ರಲ್ಲಿ ಕಾವಲುಗಾರರು ಇದ್ದರು. ಎದ್ದು ಬರೋ ಶಕ್ತಿ ಹೀರೋನ ಎದಿಯಾಗಷ್ಟೇ ಇರಂಗಿಲ್ಲ, ಪಕ್ಕದಾಗ ಕೂತವರಲ್ಲೂ ಇರ್ತದ.

ನಿಮ್ಮ ಗುಂಪಿನಾಗ ಯಾರೋ ಒಬ್ಬರು ಇತ್ತೀಚೆಗೆ ಮಾತು ಬಿಟ್ಟಾರೇನು? 'ಸ್ಟ್ರಾಂಗ್ ಅದಾನ, ಏನಾಗಲ್ಲ' ಅನಬ್ಯಾಡ್ರಿ. ಮೆಸೇಜ್ ಸಾಲದು, ಹೋಗಿ ಕೂಡ್ರಿ. ಭಾರ ನಿಮ್ಮದೇ ಆಗಿದ್ರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡ್ರಿ. ಹಗಲು ರಾತ್ರಿ ಇರ್ತದ, ಕನ್ನಡದಾಗೇ ಮಾತಾಡಬಹುದು.

ಮತ್ತೆ ಸಿಗೋಣ. ಬರ್ತೀನ್ರಿ.