ಗೋಡೆಬರಹದಿಂದ ಆರೋಗ್ಯ ಬಾರದು

(ತಾಲ್ಲೂಕಿನ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು, ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರು ಹಾಗೂ ಬಿಸಿಯೂಟದ ಅಡುಗೆಯವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಎಳೆಯ ಮಕ್ಕಳಿಗೆ ಆರೋಗ್ಯ, ಸುರಕ್ಷತೆ, ಕೂಡಿ ದುಡಿಯುವ ಅಭ್ಯಾಸ, ಈ ಮೂರನ್ನೂ ಕಲಿಸುವುದು ಹೇಗೆಂದು ಮಾತನಾಡಲು ನಮ್ಮನ್ನು ಕರೆದಿದ್ದೀರಿ. ನಾವು ಕೆಲವು ವರ್ಷ ಸೀಮೆಸುಣ್ಣ ಹಿಡಿದು, ಆಮೇಲೆ ಪಕ್ಷದ ಕೆಲಸಕ್ಕೆ ಬಂದವರು. ವೈದ್ಯರಲ್ಲ, ಪಂಡಿತರೂ ಅಲ್ಲ. ಆದುದರಿಂದ ದೊಡ್ಡ ಮಾತುಗಳನ್ನು ಬದಿಗಿಟ್ಟು ಕೈ ತೊಳೆಯುವ ನೀರಿನಿಂದಲೇ ಪ್ರಾರಂಭಿಸುತ್ತೇವೆ.

ಯಾವ ಶಾಲೆಗೆ ಹೋದರೂ ಗೋಡೆಯ ಮೇಲೆ ‘ಆರೋಗ್ಯವೇ ಭಾಗ್ಯ’ ಎಂದು ಬಣ್ಣದಲ್ಲಿ ಬರೆಸಿರುತ್ತಾರೆ. ಎಷ್ಟೋ ಕಡೆ ಅದರ ಕೆಳಗೇ ನೀರು ಬಾರದ ನಲ್ಲಿ. ಮಗು ಎರಡನ್ನೂ ನೋಡುತ್ತದೆ; ಬರಹಕ್ಕಿಂತ ನಲ್ಲಿಯನ್ನೇ ಹೆಚ್ಚು ನಂಬುತ್ತದೆ. ಶೌಚಕ್ಕೆ ಹೋಗಿ ಬಂದಾಗ, ಊಟಕ್ಕೆ ಕೂರುವ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕೆಂದು ಪಾಠದ ಪುಸ್ತಕ ಹೇಳುತ್ತದೆ. ಸರಿಯಾದ ಮಾತು. ಭೇದಿಯನ್ನು ತಡೆಯುವುದಕ್ಕೆ ಇದಕ್ಕಿಂತ ಅಗ್ಗದ ಉಪಾಯ ಬಡವರ ಕೈಯಲ್ಲಿಲ್ಲ. ಆದರೆ ಆ ಸೋಪು ಎಲ್ಲಿದೆ? ಮುಖ್ಯೋಪಾಧ್ಯಾಯರ ಬೀರುವಿನೊಳಗೆ! ತಪಾಸಣೆಗೆ ಸಾಹೇಬರು ಬಂದ ದಿನ ಅದಕ್ಕೆ ಬಿಡುಗಡೆ. ಕೇಳಿದರೆ, ಮಕ್ಕಳು ಕದಿಯುತ್ತಾರೆ ಎನ್ನುತ್ತಾರೆ. ಸೋಪನ್ನು ಬಲೆಯ ಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿಬಿಡಿ. ಆಗಲೂ ಒಂದು ಮಗು ಒಯ್ದರೆ, ಆ ಮನೆಯಲ್ಲಿ ಸೋಪಿಲ್ಲವೆಂಬುದು ನಿಮಗೆ ತಿಳಿದಂತಾಯಿತು. ತಿಳಿಯಬೇಕಾದ ಸಂಗತಿಯೇ ಅದು.

ಕೈಪಂಪು ಇರುವ ಶಾಲೆಗಳಲ್ಲಿ ಒಂದು ವಿಶೇಷವನ್ನು ನೀವು ಗಮನಿಸಿರಬಹುದು. ಒಂಟಿ ಮಗು ಅಲ್ಲಿ ನೆಟ್ಟಗೆ ಕೈ ತೊಳೆಯಲಾರದು. ಒಬ್ಬ ಒತ್ತಬೇಕು, ಇನ್ನೊಬ್ಬ ತೊಳೆಯಬೇಕು. ಆಮೇಲೆ ಸರದಿ ಬದಲಾಗಬೇಕು. ಕೂಡಿ ದುಡಿಯುವುದೆಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ತರಬೇತಿ ಶಿಬಿರವೂ ಕೊಡಲಾರದು. ನೋಡಬೇಕಾದ್ದು ಒಂದೇ: ಯಾವಾಗಲೂ ಒತ್ತುವವನು ಯಾರು, ಯಾವಾಗಲೂ ತೊಳೆಯುವವನು ಯಾರು?

ಹೊಟ್ಟೆಯ ಹುಳುವಿನ ಮಾತೂ ಹೀಗೆಯೇ. 2015ರಿಂದ ಜಂತುನಿವಾರಣಾ ದಿನವೆಂದು ಶಾಲೆಗಳಲ್ಲಿ ಮಾತ್ರೆ ಕೊಡುತ್ತಾರೆ. ಕೊಡಲಿ, ತಪ್ಪದೆ ನುಂಗಿಸಿ. ಆದರೆ ಕೊಕ್ಕೆಹುಳು ದೇಹವನ್ನು ಹೊಗುವುದು ಬರಿಗಾಲಿನ ಚರ್ಮದಿಂದ. ಬಯಲಿಗೆ ಹೋಗುವ ಊರಿನಲ್ಲಿ ಚಪ್ಪಲಿಯಿಲ್ಲದ ಮಗುವಿಗೆ ಮಾತ್ರೆಯ ಜೊತೆಗೆ ಚಪ್ಪಲಿಯೂ ಕಕ್ಕಸೂ ಬೇಕು.

ಇನ್ನು ಅಡುಗೆಮನೆ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ನಮ್ಮ ಹತ್ತಿ, ತೊಗರಿ ಹೊಲಗಳಿಗೂ ಪರಿಚಯವಿದ್ದ ವಿಷವೇ ಅದು. ಮುಖ್ಯೋಪಾಧ್ಯಾಯಿನಿಗೆ 2016ರಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿತು. ಶಿಕ್ಷೆಯಾಯಿತೆಂದು ಪತ್ರಿಕೆಗಳು ಸುಮ್ಮನಾದವು. ನಮಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಎಣ್ಣೆಯ ವಾಸನೆ ಸರಿಯಿಲ್ಲವೆಂದು ಅಡುಗೆಯಾಕೆಗೆ ಅನಿಸಿತ್ತು, ಊಟ ರುಚಿಗೆಟ್ಟಿದೆಯೆಂದು ಮಕ್ಕಳೂ ಹೇಳಿದ್ದರು ಎಂದು ಆಗ ವರದಿಯಾಯಿತು. ಹೇಳಿದರೂ ಅವರ ಮಾತು ನಡೆಯಲಿಲ್ಲ. ಹಸಿದ ಮಕ್ಕಳು, ಕೂಲಿಯ ಹೆಂಗಸರು, ಇವರ ಮೂಗಿಗೂ ನಾಲಿಗೆಗೂ ಬೆಲೆಯೇನು ಎಂಬ ತಾತ್ಸಾರ!

ಈ ಕಾರಣದಿಂದಲೇ ನಾವು ಒತ್ತಿ ಹೇಳುವುದು: ಸುರಕ್ಷತೆಯ ಮೊದಲ ಪಾಠ ‘ಹೇಳಿದ ಹಾಗೆ ಕೇಳು’ ಎಂಬುದಲ್ಲ. ‘ಇದು ಸರಿಯಿಲ್ಲ’ ಎಂದು ಹೇಳಲು ಮಗುವಿಗೆ ಧೈರ್ಯವಿರಬೇಕು. ಹೇಳಿದಾಗ ತಟ್ಟೆಯನ್ನು ಪಕ್ಕಕ್ಕಿಡುವ ವಿವೇಕ ದೊಡ್ಡವರಿಗಿರಬೇಕು. ಬೆತ್ತವಿರುವ ಕೊಠಡಿಯಲ್ಲಿ ಇದು ಸಾಧ್ಯವಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಅದು ದಯೆಯ ಮಾತೆಂದು ಕೆಲವರು ತಿಳಿದಿದ್ದಾರೆ. ಜೀವ ಉಳಿಸುವ ಮಾತೂ ಹೌದು. ಹಾಗೆಯೇ ಅಡುಗೆಯ ತಾಯಂದಿರಿಗೆ ಬಡಿಸುವ ಮುಂಚೆ ‘ಇಂದು ಈ ಬೇಳೆ ಬೇಡ’ ಎನ್ನುವ ಅಧಿಕಾರ ಬೇಕು. ಗೌರವಧನ ಎಂದು ಹೆಸರಿಟ್ಟು ಅಲ್ಪ ಹಣ ಕೊಟ್ಟು, ನಾಳೆ ತೆಗೆದುಹಾಕುವ ಬೆದರಿಕೆ ಇಟ್ಟರೆ ಯಾವ ತಾಯಿ ಬಾಯಿ ತೆರೆದಾಳು? ಅವರ ಸಂಬಳದ ಹೋರಾಟವೂ ಮಕ್ಕಳ ಆರೋಗ್ಯದ ಹೋರಾಟವೇ.

ಈಗ ನಮ್ಮ ಬಯಲುಸೀಮೆಯನ್ನು ಕಾಡುತ್ತಿರುವ ಒಂದು ಅಪಾಯಕ್ಕೆ ಬರುತ್ತೇವೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಊರೂರಿಗೆ ಕೃಷಿಹೊಂಡಗಳಾದವು. ಮಳೆ ನಂಬಿದ ರೈತನಿಗೆ ಅದು ಬೇಕಾದದ್ದೇ. ನಾವು ಹೊಂಡದ ವಿರೋಧಿಗಳಲ್ಲ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ದಡ ಕೆರೆಯ ದಡದಂತಲ್ಲ. ನೆನೆದ ಹಾಳೆ, ಮೇಲೆ ಪಾಚಿ, ಕಡಿದಾದ ಇಳಿಜಾರು: ಜಾರಿದ ಮಗು ಹಿಡಿಯಲು ಬೇರಿಲ್ಲ, ಕಲ್ಲಿಲ್ಲ. ಈಜು ಬಲ್ಲವನೂ ಮೇಲೇರಲಾರ. ಇಂಥ ಸುದ್ದಿಗಳಲ್ಲಿ ಒಂದೇ ಮನೆಯ ಇಬ್ಬರು ಮೂವರು ಸತ್ತರೆಂದು ಓದುತ್ತೇವಲ್ಲ, ಅದೇಕೆ? ತಮ್ಮ ಬಿದ್ದ, ಅಕ್ಕ ಎಳೆಯಲು ಇಳಿದಳು, ಕೂಗು ಕೇಳಿ ತಾಯಿ ಹಾರಿದಳು. ಪ್ರೀತಿಗೆ ಕೊರತೆಯಿರಲಿಲ್ಲ, ಕೆಲಸ ಹಂಚಿಕೊಳ್ಳುವ ಅಭ್ಯಾಸವಿರಲಿಲ್ಲ.

ಇದನ್ನು ಮೂರನೆಯ ತರಗತಿಯ ಮಕ್ಕಳಿಗೂ ಆಟದಲ್ಲೇ ಕಲಿಸಬಹುದು. ಮೈದಾನದಲ್ಲಿ ಸುಣ್ಣದಿಂದ ಹೊಂಡ ಬರೆಯಿರಿ. ಒಬ್ಬ ಒಳಗೆ ಬಿದ್ದವನು. ಮಿಕ್ಕವರಿಗೆ ಮೊದಲ ನಿಯಮ, ಗೆರೆ ದಾಟಬಾರದು. ಒಬ್ಬಳು ಗಟ್ಟಿಯಾಗಿ ಕೂಗುತ್ತಾ ದೊಡ್ಡವರಿದ್ದ ಕಡೆಗೆ ಓಡಬೇಕು. ಇನ್ನೊಬ್ಬ ಹಗ್ಗವನ್ನೋ, ಬಿಗಿಯಾಗಿ ಮುಚ್ಚಳ ಹಾಕಿದ ಖಾಲಿ ಕ್ಯಾನನ್ನೋ ಎಸೆಯಬೇಕು. ಖಾಲಿ ಕ್ಯಾನು ತೇಲುತ್ತದೆ, ಅಪ್ಪಿಕೊಂಡವನನ್ನು ತೇಲಿಸುತ್ತದೆ. ಮೂರನೆಯವಳು ಹಗ್ಗ ಹಿಡಿದವನ ಸೊಂಟವನ್ನು ಹಿಡಿದು ಹಿಂದಕ್ಕೆ ವಾಲಬೇಕು. ನಾಲ್ಕು ಬಾರಿ ಆಡಿಸಿ, ಪ್ರತಿ ಬಾರಿಯೂ ಪಾತ್ರ ಬದಲಿಸಿ. ಮಕ್ಕಳು ನಗುತ್ತಾರೆ, ನಗಲಿ. ಗೆರೆ ದಾಟಿದವನನ್ನು ಅವರೇ ಕೂಗಿ ಹಿಂದಕ್ಕೆ ಕರೆಯುವಷ್ಟು ಅಭ್ಯಾಸವಾಗಬೇಕು. ಹುಡುಗರು ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿಯುತ್ತಾರೆ. ಹುಡುಗಿಯರಿಗೆ ಆ ಭಾಗ್ಯವಿಲ್ಲ. ಬಟ್ಟೆ ಒಗೆಯಲು ನೀರಿನಂಚಿಗೆ ಹೋಗುವವರು ಮಾತ್ರ ಅವರೇ!

ದೊಡ್ಡವರಿಗೂ ಒಂದು ಮಾತು. ನೀರಿನಿಂದ ತೆಗೆದ ಮಗುವನ್ನು ಕಾಲು ಹಿಡಿದು ತಿರುಗಿಸುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು ನಮ್ಮಲ್ಲಿ ರೂಢಿ. ಅದರಿಂದ ಹೊತ್ತು ಹಾಳು. ಉಸಿರು ನಿಂತಿದ್ದರೆ ತಡಮಾಡದೆ ಬಾಯಿಗೆ ಬಾಯಿಟ್ಟು ಉಸಿರೂದಬೇಕು, ಎದೆ ಒತ್ತಬೇಕು. ಇದನ್ನು ಮಾತಿನಲ್ಲಿ ಕಲಿಯಲಾಗದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಊರಿಗೆ ಕರೆಸಿ ಕೈಯಿಂದ ಮಾಡಿ ಕಲಿಯಿರಿ.

ಕೊನೆಗೆ ಪೊರಕೆಯ ವಿಷಯ. ಕೂಡಿ ದುಡಿಯುವುದೆಂದ ಕೂಡಲೇ ಶಾಲೆಗಳಲ್ಲಿ ನೆನಪಾಗುವುದು ಕಸ ಗುಡಿಸುವುದು. ತಪ್ಪಲ್ಲ. ಆದರೆ ಈ ದೇಶದಲ್ಲಿ ಪೊರಕೆ ಜಾತಿ ಕೇಳಿ ಕೈ ಸೇರುತ್ತದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಶುಚಿ ಮಾಡಿಸಿದ ಸಂಗತಿ ಬಯಲಾಯಿತು. ದೊಡ್ಡವರನ್ನೂ ಹಾಗೆ ಇಳಿಸಬಾರದೆಂದು 2013ರಲ್ಲೇ ಕಾಯಿದೆಯಾಗಿತ್ತು. ಸಾತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಮನೆಯಿಂದ ಗೋಣಿತಟ್ಟು ಒಯ್ದು ಅದರ ಮೇಲೆ ಕೂರುತ್ತಿದ್ದರು. ಜವಾನ ನಲ್ಲಿ ತಿರುಗಿಸಿದರೆ ಮಾತ್ರ ನೀರು, ಜವಾನನಿಲ್ಲದ ದಿನ ನೀರಿಲ್ಲ. ನೂರು ವರ್ಷ ಮೀರಿದ ಕಥೆಯೆಂದು ಅದನ್ನು ಪುಸ್ತಕದಲ್ಲಿ ಮುಚ್ಚಿಡುವಂತಿಲ್ಲ.

ಗಾಂಧೀಜಿಯವರು ತಾವೇ ಕಕ್ಕಸು ತೊಳೆದರಲ್ಲ, ಮಕ್ಕಳೂ ತೊಳೆಯಲಿ ಎಂದು ಕೆಲವು ಹಿರಿಯರು ವಾದಿಸುತ್ತಾರೆ. ಗಾಂಧೀಜಿ ತಾವಾಗಿ ತೊಳೆದರು, ಬೆತ್ತ ಹಿಡಿದು ಬಡವರ ಮಗುವಿನಿಂದ ತೊಳೆಸಲಿಲ್ಲ. ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಶೌಚಾಲಯದ ಶುಚಿತ್ವಕ್ಕೆ ಪಂಚಾಯಿತಿ ಸಂಬಳದ ಕೆಲಸಗಾರರನ್ನು ಕೈಚೀಲ, ಬೂಟು, ಔಷಧಿಗಳೊಡನೆ ನೇಮಿಸಬೇಕು. ಕೊಠಡಿ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಕುಡಿಯುವ ನೀರಿನ ಪಾತ್ರೆ ತೊಳೆದು ತುಂಬುವುದು, ಊಟ ಬಡಿಸುವುದು ಎಲ್ಲ ಮಕ್ಕಳಿಗೂ ಚೀಟಿ ಎತ್ತಿ ಹಂಚಿಕೆಯಾಗಲಿ. ಗೌಡರ ಮಗನಿಗೆ ಪೊರಕೆ ಬರಲಿ, ಮಾದಿಗರ ಮಗಳಿಗೆ ಬಡಿಸುವ ಸೌಟು ಬರಲಿ. ಉಪಾಧ್ಯಾಯರ ಹೆಸರೂ ಆ ಡಬ್ಬಿಯಲ್ಲಿರಲಿ. ಮೊದಲ ವಾರ ಯಾರಾದರೊಬ್ಬ ತಂದೆ ಸಿಟ್ಟಾಗಿ ಶಾಲೆಗೆ ಬರುತ್ತಾನೆ. ಆ ದಿನ ಸಮಿತಿಯ ಸದಸ್ಯರು ಉಪಾಧ್ಯಾಯರ ಪಕ್ಕದಲ್ಲಿ ನಿಂತಿರಬೇಕು. ಅವರೊಬ್ಬರನ್ನೇ ಬಿಟ್ಟುಕೊಟ್ಟರೆ ಚೀಟಿಯ ಡಬ್ಬಿ ಮರುದಿನವೇ ಬೀರು ಸೇರುತ್ತದೆ, ಸೋಪಿನ ಪಕ್ಕಕ್ಕೆ.

ಹಣವೆಲ್ಲಿದೆ ಎಂದು ಕೇಳುವಿರಿ. ಕುಡಿಯುವ ನೀರು, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಲೇಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯೇ ಹೇಳುತ್ತದೆ. ಭಿಕ್ಷೆ ಬೇಡುವ ಪ್ರಮೇಯವಿಲ್ಲ. ಅರ್ಜಿಯಲ್ಲಿ ಆ ಮಾತನ್ನು ಬರೆದು, ಹಿಂಬರಹ ಪಡೆದು, ಪ್ರತಿಯನ್ನು ನಮ್ಮ ಕಚೇರಿಗೂ ಕಳಿಸಿ. ಬರುವ ಭಾನುವಾರ ನಾವು ಸಂಗಾತಿಗಳೊಡನೆ ಊರೂರಿನ ಕೃಷಿಹೊಂಡಗಳನ್ನು ನೋಡಲು ಹೊರಡುತ್ತಿದ್ದೇವೆ. ಬೇಲಿಯಿಲ್ಲದ, ಹಗ್ಗ ಇಳಿಬಿಡದ ಹೊಂಡಗಳ ಪಟ್ಟಿ ಮಾಡಿ ಪಂಚಾಯಿತಿಯ ಮುಂದಿಡುತ್ತೇವೆ. ಒಂದು ಗೂಟ, ಗಂಟು ಹಾಕಿದ ಇಪ್ಪತ್ತು ಮೊಳ ಹಗ್ಗ, ಒಂದು ಖಾಲಿ ಕ್ಯಾನು: ಇದಕ್ಕೆ ಯಾವ ಮಂಜೂರಾತಿಯೂ ಬೇಡ. ಪ್ರತಿ ಊರಿನಿಂದ ಇಬ್ಬರು ಬನ್ನಿ, ಬುತ್ತಿ ಕಟ್ಟಿಕೊಂಡು ಬನ್ನಿ. ಬೆಳಿಗ್ಗೆ ಏಳಕ್ಕೆ ಬಸ್ ನಿಲ್ದಾಣದಿಂದ ಹೊರಡೋಣ.